ಹತ್ತು ವರ್ಷ, ಹನ್ನೆರಡು ವಾರ

ಹಿಕರಿ ಫೋರ್ಕ್, ಟೆನೆಸಿ
೧೧ ಮಾರ್ಚ್ ೨೦೨೪

ಮಿಸ್ಟರ್ ಆರ್ಲಿಸ್ ಕೌಡಿಲ್ ಅವರಿಗೆ,

ಈ ಪತ್ರ ಕಂಡು ಗಾಬರಿಯಾಗಬೇಡಿ. ಇಲ್ಲಿ ಯಾರೂ ಸತ್ತಿಲ್ಲ. ನಿಮ್ಮ ವಿಳಾಸವನ್ನು ನಿಮ್ಮ ತಂಗಿ ಲೂಡಿಯಿಂದ ಪಡೆದೆ. ಕೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಹೇಳುವವಳಲ್ಲ ಅವಳು. ನಾನೂ ಹೆಚ್ಚು ಕೇಳಲಿಲ್ಲ.

ಬರುವ ಜೂನ್‌ಗೆ ನನಗೆ ಅರವತ್ತೈದು ತುಂಬುತ್ತದೆ. ಮೆಡಿಕೇರ್‌ಗೆ, ಆ ಸರ್ಕಾರಿ ಆರೋಗ್ಯ ವಿಮೆಗೆ, ಅರ್ಜಿ ಹಾಕಬೇಕು. ಆಸ್ಪತ್ರೆಯ ಖರ್ಚು ನೋಡಿಕೊಳ್ಳುವ ಭಾಗವನ್ನು ಹತ್ತು ವರ್ಷ ತೆರಿಗೆ ಕಟ್ಟಿ ದುಡಿದವರಿಗೆ ಸುಮ್ಮನೆ ಕೊಡುತ್ತಾರೆ. ನನ್ನ ಹೆಸರಿನಲ್ಲಿ ಇರುವುದು ಅಂಗಿ ಕಾರ್ಖಾನೆಯ ಆರು ವರ್ಷ ಮಾತ್ರ. ಅಪ್ಪನನ್ನು ನೋಡಿಕೊಂಡದ್ದು, ಆಮೇಲೆ ಊರಿನ ಮುದುಕಿಯರಿಗೆ ಸ್ನಾನ ಮಾಡಿಸಿ ಅಡಿಗೆ ಮಾಡಿ ಹಾಕಿದ್ದು, ಇದ್ಯಾವುದೂ ಯಾವ ಪುಸ್ತಕದಲ್ಲೂ ಇಲ್ಲ. ಹಾಗಾಗಿ ನಾನು ತಿಂಗಳಿಗೆ ಐನೂರು ಡಾಲರಿಗೂ ಹೆಚ್ಚು ಕಟ್ಟಬೇಕಾಗುತ್ತದೆ. ಅದು ನನ್ನಿಂದಾಗದು.

ಇನ್ನೊಂದು ದಾರಿ ಇದೆಯಂತೆ. ಮದುವೆ ಹತ್ತು ವರ್ಷ ಬಾಳಿದ್ದು ಆಮೇಲೆ ವಿಚ್ಛೇದನವಾಗಿದ್ದರೆ, ಮಾಜಿ ಗಂಡನ ದುಡಿಮೆಯ ಮೇಲೆ ಆ ಭಾಗ ಸಿಗುತ್ತದೆ. ಅದರಿಂದ ನಿಮಗೆ ಬರುವುದರಲ್ಲಿ ಒಂದು ಕಾಸೂ ಕಡಿಮೆಯಾಗುವುದಿಲ್ಲ. ನಿಮ್ಮ ಪಿಂಚಣಿಯ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯೂ ನಮ್ಮ ಮದುವೆಯ ಪತ್ರವೂ ಬೇಕು. ನನ್ನ ಪೆಟ್ಟಿಗೆಯಲ್ಲಿದ್ದದ್ದನ್ನು ಹೊಳೆ ಮನೆಯೊಳಗೆ ಬಂದ ವರ್ಷ ತೆಗೆದುಕೊಂಡು ಹೋಯಿತು.

ನಿಮ್ಮ ಮನೆಯವರಿಗೆ ಈ ಪತ್ರದಿಂದ ಬೇಸರವಾದರೆ ಕ್ಷಮೆ ಕೇಳಿದೆನೆಂದು ತಿಳಿಸಿ.

ಇತಿ,
ರೀವಾ ನೋಬಲ್

•

ಜಿಲೆಟ್, ವಯೋಮಿಂಗ್
೨೨ ಮಾರ್ಚ್ ೨೦೨೪

ರೀವಾ,

ಹತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವನನ್ನು ಮಿಸ್ಟರ್ ಎಂದು ಬರೆದಿದ್ದೀಯ. ಬ್ಯಾಂಕಿನವರ ನೋಟೀಸೆಂದುಕೊಂಡು ಎರಡು ದಿನ ಒಡೆಯದೆ ಇಟ್ಟಿದ್ದೆ.

ಸಂಖ್ಯೆಯನ್ನು ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಮದುವೆಯ ಪತ್ರ ಎಲ್ಲಿದೆಯೋ ಹುಡುಕಬೇಕು. ಸಮಯ ಹಿಡಿಯುತ್ತದೆ.

ನಾವು ಇಲ್ಲಿ ಚೆನ್ನಾಗಿದ್ದೇವೆ. ಗಣಿಯಿಂದ ನಿವೃತ್ತನಾಗಿ ಏಳು ವರ್ಷವಾಯಿತು. ಈ ಊರಿನಲ್ಲಿ ಗಾಳಿಯದೇ ಯಜಮಾನಿಕೆ. ಬೆಟ್ಟವೆಂದು ಇವರು ತೋರಿಸುವುದನ್ನು ನಮ್ಮ ಕಡೆ ಹಿತ್ತಲ ದಿಬ್ಬ ಎನ್ನುತ್ತಾರೆ.

ಅರವತ್ತೈದಾಯಿತೆಂದು ಅರ್ಜಿ ಹಾಕುತ್ತಿದ್ದೀಯೋ, ಕಾಯಿಲೆಯೇನಾದರೂ ಇದೆಯೋ? ಜ್ವರ ಬಂದರೂ ಹೇಳದೆ ಬಟ್ಟೆ ಒಗೆಯುತ್ತಿದ್ದವಳು ನೀನು. ಅದಕ್ಕೇ ಕೇಳಿದೆ. ಮತ್ತೆ, ಆ ಅರ್ಜಿಯಲ್ಲಿ ಈಗ ಮದುವೆಯಾಗಿದೆಯೋ ಇಲ್ಲವೋ ಎಂದು ಕೇಳಿರಬೇಕಲ್ಲ. ಅಲ್ಲಿ ಏನೆಂದು ಬರೆದೆ?

ಆರ್ಲಿಸ್

•

ಹಿಕರಿ ಫೋರ್ಕ್
೨ ಏಪ್ರಿಲ್ ೨೦೨೪

ಆರ್ಲಿಸ್,

ಸಂಖ್ಯೆ ತಲುಪಿತು, ಉಪಕಾರ. ಪತ್ರವನ್ನು ಬೇಗ ಹುಡುಕು. ಹುಟ್ಟಿದ ತಿಂಗಳಿಗೆ ಮೂರು ತಿಂಗಳು ಮುಂಚೆ ಶುರುವಾಗಿ ಮೂರು ತಿಂಗಳು ಕಳೆಯುವ ತನಕ, ಅರ್ಜಿ ಹಾಕಲು ಒಟ್ಟು ಏಳು ತಿಂಗಳ ಗಡುವು. ತಪ್ಪಿಸಿಕೊಂಡರೆ ದಂಡ ಬೀಳುತ್ತದೆ, ಆ ದಂಡ ಸಾಯುವ ತನಕ ಬೆನ್ನು ಬಿಡುವುದಿಲ್ಲ.

ಕಾಯಿಲೆ ಏನೂ ಇಲ್ಲ. ಕಣ್ಣು ಸ್ವಲ್ಪ ಮಂಜು, ಅಷ್ಟೇ.

ಇಲ್ಲಿನ ಹಿರಿಯರ ಕೇಂದ್ರದಲ್ಲಿ ಓಪಲ್ ಹ್ಯಾಚರ್ ಎಂಬಾಕೆ ಈ ವಿಮೆಯ ವಿಷಯದಲ್ಲಿ ಜನರಿಗೆ ಸಹಾಯ ಮಾಡುತ್ತಾಳೆ, ಸಂಬಳವಿಲ್ಲದೆ. ಎಪ್ಪತ್ತೆಂಟು ವರ್ಷ. ನಾಲಿಗೆಗೆ ಮಾತ್ರ ಹದಿನೆಂಟು. ಆಕೆ ನನ್ನ ಎದುರು ಕೂತು ತಾರೀಖು ಬರೆದುಕೊಂಡಳು.

“ಮದುವೆ ಯಾವಾಗ?”

“ಎಪ್ಪತ್ತೆಂಟು, ಸೆಪ್ಟೆಂಬರ್ ಒಂಬತ್ತು.”

“ನೀನು ವಿಚ್ಛೇದನಕ್ಕೆ ಹಾಕಿದ್ದು?”

“ಎಂಬತ್ತೆಂಟು, ಏಪ್ರಿಲ್.”

ಓಪಲ್ ಪೆನ್ನು ಕೆಳಗಿಟ್ಟಳು. “ಹಂಗಾದ್ರೆ ಮುಗೀತು ಕಣೆ. ಒಂಬತ್ತೂವರೆ ವರ್ಷ ಆಯ್ತು. ಒಂದು ದಿನ ಕಮ್ಮಿ ಆದ್ರೂ ಅವ್ರು ಒಪ್ಪಲ್ಲ.”

“ಇವನು ಸಹಿ ಹಾಕ್ಲಿಲ್ಲ,” ಅಂದೆ. “ಏಳು ತಿಂಗಳು ಕಾಗದ ಇಟ್ಕೊಂಡು ಕೂತಿದ್ದ. ತೀರ್ಪು ಬಂದದ್ದು ಡಿಸೆಂಬರ್ ಎರಡಕ್ಕೆ.”

ಆಕೆ ಬೆರಳು ಮಡಿಸಿ ಎಣಿಸಿದಳು. ಹತ್ತು ವರ್ಷ, ಹನ್ನೆರಡು ವಾರ. “ನಿನ್ನ ಗಂಡನ ಸೋಮಾರಿತನಕ್ಕೆ ಒಂದು ಕೇಕ್ ಮಾಡಿ ಕಳಿಸು,” ಅಂದಳು.

ಆ ಏಳು ತಿಂಗಳಲ್ಲಿ ನಿನ್ನನ್ನು ಎಷ್ಟು ಶಪಿಸಿದ್ದೆನೆಂದು ನಿನಗೆ ಗೊತ್ತಿಲ್ಲ. ನನ್ನನ್ನು ಸತಾಯಿಸಲೆಂದೇ ಮಾಡುತ್ತಿದ್ದೀಯೆಂದು ತಿಳಿದಿದ್ದೆ. ಅತ್ತ ಅಪ್ಪನಿಗೆ ಉಸಿರು ಸಿಗುತ್ತಿರಲಿಲ್ಲ, ಇತ್ತ ವಕೀಲ ಪ್ರತಿ ತಿಂಗಳೂ ಇಲ್ಲವೆಂದು ತಲೆಯಾಡಿಸುತ್ತಿದ್ದ. ಶಪಿಸಿದ್ದು ಸುಳ್ಳಲ್ಲ. ಆದರೆ ಈಗ ಆ ಏಳು ತಿಂಗಳೇ ನನ್ನನ್ನು ಕಾಪಾಡುತ್ತಿವೆ. ಅದನ್ನು ನಿನಗೆ ಹೇಳದಿದ್ದರೆ ಧರ್ಮವಲ್ಲ.

ಅರ್ಜಿಯಲ್ಲಿ ಕೇಳಿದ್ದಕ್ಕೆ ‘ಇಲ್ಲ’ ಎಂದು ಬರೆದೆ.

ರೀವಾ

•

ಜಿಲೆಟ್
೨೦ ಏಪ್ರಿಲ್ ೨೦೨೪

ರೀವಾ,

ಮದುವೆಯ ಪತ್ರ ಇದರೊಂದಿಗಿದೆ. ಹುಡುಕಬೇಕೆಂದು ಬರೆದದ್ದು ಸುಳ್ಳು. ಅದು ನನ್ನ ಹಾಸಿಗೆಯ ಪಕ್ಕದ ಡ್ರಾಯರಿನಲ್ಲೇ ಇತ್ತು. ಮೊದಲ ಸಲವೇ ಕಳಿಸಿಬಿಟ್ಟಿದ್ದರೆ ನೀನು ‘ಉಪಕಾರ’ ಎಂದು ಒಂದು ಸಾಲು ಬರೆದು ಮುಗಿಸುತ್ತಿದ್ದೆ.

ಸೋಮಾರಿತನದ ವಿಷಯ. ನಿನ್ನ ಓಪಲ್‌ಗೆ ಹೇಳು, ನಾನು ಬೇರೆ ಏನಾದರೂ ಆಗಿರಬಹುದು, ಸೋಮಾರಿಯಲ್ಲ. ಆ ಕಾಗದ ಬಂದಾಗ ನಾನು ಇಲ್ಲಿ ಗಣಿ ಕಂಪನಿಯ ಡೇರೆಯಂಥ ಕೋಣೆಯಲ್ಲಿ ಮೂವರ ಜತೆ ಇದ್ದೆ. ಸಹಿ ಹಾಕಬೇಕಾದ ಕಡೆಯೆಲ್ಲ ವಕೀಲ ಪೆನ್ಸಿಲಿನಲ್ಲಿ ಗುರುತು ಹಾಕಿದ್ದ. ಪ್ರತಿ ತಿಂಗಳ ಮೊದಲ ದಿನ, ಈ ತಿಂಗಳು ನೋಡೋಣ, ‘ಹಾಕಬೇಡ’ ಎಂದು ಅವಳೇ ಬರೆಯುತ್ತಾಳೆ ಎಂದುಕೊಂಡು ಎತ್ತಿಡುತ್ತಿದ್ದೆ. ಮೇ ಹೋಯಿತು, ಜೂನ್ ಹೋಯಿತು. ನವೆಂಬರಿನಲ್ಲಿ ಹಿಮ ಬಿದ್ದು ಮೂರು ದಿನ ಟಪಾಲು ಬರಲಿಲ್ಲ. ನಾಲ್ಕನೆಯ ದಿನ ಬಂದಾಗ ಅದರಲ್ಲಿ ನಿನ್ನದು ಇರಲಿಲ್ಲ. ಅಂದು ಸಹಿ ಹಾಕಿದೆ.

ನಿನ್ನ ಅಪ್ಪನ ಎದೆ ಅಷ್ಟು ಕೆಟ್ಟಿತ್ತೆಂದು ನೀನು ನನಗೆ ಬರೆದಿರಲಿಲ್ಲ. ಊರಿನ ನಮ್ಮ ಗಣಿ ಮುಚ್ಚಿ ಇಲ್ಲಿಗೆ ಹೊರಟಾಗ ಬಾ ಎಂದು ನಿನ್ನನ್ನು ಮೂರು ಸಲ ಕರೆದೆ. ‘ಬರಲಾಗದು’ ಎಂದಷ್ಟೇ ಅಂದೆ ನೀನು. ನನ್ನ ಜತೆ ಬರಲಾಗದು ಎಂದು ನಾನು ಅರ್ಥ ಮಾಡಿಕೊಂಡೆ.

ಇನ್ನೊಂದು ಮಾತು. ಇಲ್ಲಿನ ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಫೋನ್ ಮಾಡಿ ಎಲ್ಲ ವಿಚಾರಿಸಿದೆ. ಫೋನಿನಲ್ಲಿದ್ದ ಹುಡುಗಿ ಹೇಳಿದಳು: “ಸರ್, ಅವ್ರಿಗೆ ನಿಮ್ಮ ಸಹಾಯವೇ ಬೇಕಿಲ್ಲ. ನಿಮ್ಮ ಹೆಸರು, ಹುಟ್ಟಿದ ತಾರೀಖು ಕೊಟ್ರೆ ನಂಬರ್ ನಾವೇ ಹುಡುಕ್ತೀವಿ. ಮದುವೆ ಪತ್ರದ ನಕಲು ಜಿಲ್ಲಾ ಕಚೇರೀಲೇ ಸಿಗುತ್ತೆ. ನಿಮಗೆ ಗೊತ್ತೇ ಆಗ್ದಂಗೆ ಮುಗಿಸ್ಬಹುದಿತ್ತು.”

ಮತ್ತೆ ನನಗೇಕೆ ಬರೆದೆ, ರೀವಾ?

ಆರ್ಲಿಸ್

•

ಹಿಕರಿ ಫೋರ್ಕ್
೬ ಮೇ ೨೦೨೪

ಆರ್ಲಿಸ್,

ಶುಕ್ರವಾರ ಅರ್ಜಿ ಹೋಯಿತು. ಆಸ್ಪತ್ರೆಯ ಭಾಗ ನಿನ್ನ ಹೆಸರಿನ ಮೇಲೆ, ಡಾಕ್ಟರ ಭಾಗಕ್ಕೆ ತಿಂಗಳ ಕಂತು ನಾನೇ ಕಟ್ಟುತ್ತೇನೆ. ಮದುವೆಯ ಪತ್ರವನ್ನು ಕಚೇರಿಯವರು ನೋಡಿ ವಾಪಸು ಕೊಟ್ಟರು. ಮಡಿಕೆಗಳಲ್ಲಿ ಹರಿಯದಂತೆ ಯಾರೋ ಹಿಂದುಗಡೆ ತೆಳು ಬಟ್ಟೆ ಅಂಟಿಸಿದ್ದಾರೆ. ಆ ಕೆಲಸ ನಿನ್ನದೇ ಎಂದು ಗೊತ್ತಾಯಿತು. ಅಂಟು ಯಾವಾಗಲೂ ನಿನ್ನ ಕೈಯಲ್ಲಿ ಹೆಚ್ಚೇ ಬೀಳುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ: ಓಪಲ್ ಮೊದಲ ದಿನವೇ ಎಲ್ಲ ಹೇಳಿದ್ದಳು. ಆದರೂ ಬರೆದೆ. ಏಕೆಂದು ಕೇಳಬೇಡ. ಅಷ್ಟು ವರ್ಷ ಬರೆಯಲು ಒಂದು ನೆಪವಿರಲಿಲ್ಲ, ಸರ್ಕಾರ ಒಂದು ಕೊಟ್ಟಿತು.

ಬಾ ಎಂದು ನೀನು ಕರೆದಾಗ ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದ. ಎಲ್ಲ ಕೇಳಿಸುತ್ತಿತ್ತು. ಅವನಿಗೆ ತಾನು ಹೊರೆಯೆಂದು ಅನಿಸಬಾರದಿತ್ತು, ಅದಕ್ಕೇ ಕಾರಣ ಹೇಳಲಿಲ್ಲ. ನಿನಗೆ ಹೇಳದೆಯೇ ತಿಳಿದೀತು ಎಂದುಕೊಂಡಿದ್ದೆ. ಆಮೇಲೆ ವಿಚ್ಛೇದನಕ್ಕೆ ಹಾಕಿದ್ದು ಸಿಟ್ಟಿನಿಂದ. ಕಾಗದ ಕೈಸೇರಿದ ಕೂಡಲೆ ಮೊದಲ ಬಸ್ಸು ಹತ್ತಿ ಬಂದು ಜಗಳವಾಡುತ್ತೀಯೆಂದು ಲೆಕ್ಕ ಹಾಕಿದ್ದೆ. ನೀನು ಅಲ್ಲಿ ನನ್ನ ಕಾಗದ ಕಾಯುತ್ತಿದ್ದೆ, ನಾನು ಇಲ್ಲಿ ನಿನ್ನ ಬಸ್ಸು.

ಇರಲಿ. ನಿನಗೆ ಮನೆ ಇದೆ, ಹೆಂಡತಿ ಇದ್ದಾಳೆ. ಹಳೆಯ ಹೆಂಗಸಿನ ಕಾಗದ ವಾರ ವಾರ ಬಂದರೆ ಯಾರಿಗೂ ಒಳ್ಳೆಯದಲ್ಲ. ಇನ್ನು ಬರೆಯುವುದಿಲ್ಲ. ನೀನೂ ಬರೆಯಬೇಡ.

ರೀವಾ

•

ಜಿಲೆಟ್
೧೪ ಮೇ ೨೦೨೪

ರೀವಾ,

ಬರೆಯಬೇಡ ಎಂದೆ. ಆ ಮಾತು ಕೇಳುವ ವಯಸ್ಸು ದಾಟಿತು.

ಆ ಹೆಂಡತಿ, ಮಾರ್ವಾ, ತೀರಿಕೊಂಡು ನಾಲ್ಕು ವರ್ಷವಾಯಿತು. ಒಳ್ಳೆಯ ಹೆಂಗಸು. ಇಪ್ಪತ್ತು ವರ್ಷ ನನ್ನನ್ನು ಸಹಿಸಿಕೊಂಡಳು, ಅವಳ ಬಗ್ಗೆ ಹಗುರವಾಗಿ ಬರೆಯಲಾರೆ. ‘ನಾವು’ ಎಂದು ನಾನು ಬರೆದದ್ದು ನಾನು ಮತ್ತು ನನ್ನ ನಾಯಿ ಡೀಕನ್. ಅಭ್ಯಾಸಬಲ. ಒಬ್ಬನೇ ಇದ್ದೇನೆಂದು ಬರೆಯಲು ನಾಚಿಕೆಯೂ ಆಯಿತು.

ಈಗ ನಿನ್ನ ಸರದಿ. ನಿನ್ನ ಕಾಗದವನ್ನು ಒಮ್ಮೆ ಓದಿ ಮಗುಚಿದೆ. ನೀನು ಬರೆದದ್ದು ಆಸ್ಪತ್ರೆಯವರು ಕೊಟ್ಟ ಹಾಳೆಯ ಖಾಲಿ ಬದಿಯಲ್ಲಿ. ಕಾಗದ ದಂಡ ಮಾಡದ ನಿನ್ನ ಬುದ್ಧಿ ಹಾಗೇ ಇದೆ. ಹಿಂಬದಿಯಲ್ಲಿ ಅಚ್ಚಾಗಿದೆ: ಹೃದ್ರೋಗ ವಿಭಾಗ, ನಾಕ್ಸ್‌ವಿಲ್. ಹೃದಯದ ಮಹಾಪಧಮನಿ ಕವಾಟ ಬದಲಿಸುವ ಶಸ್ತ್ರಚಿಕಿತ್ಸೆಗೆ ಬರುವವರು ಅನುಸರಿಸಬೇಕಾದ ಸೂಚನೆಗಳು. ಮೇಲೆ ನಿನ್ನ ಹೆಸರು.

ಕಣ್ಣು ಸ್ವಲ್ಪ ಮಂಜು ಎಂದಿದ್ದೆ.

ಮೆಡಿಕೇರ್ ಕಾರ್ಡಿಲ್ಲದೆ ಎಷ್ಟು ದಿನದಿಂದ ಆ ಎದೆ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದೀಯ? ನಿಜ ಬರೆ.

ಆರ್ಲಿಸ್

•

ಹಿಕರಿ ಫೋರ್ಕ್
೩ ಜೂನ್ ೨೦೨೪

ಆರ್ಲಿಸ್,

ಮಾರ್ವಾಳ ಸುದ್ದಿ ಕೇಳಿ ನೋವಾಯಿತು. ಅವಳನ್ನು ನೋಡಿದವಳಲ್ಲ, ಆದರೂ ಮಾರ್ಚ್‌ನಿಂದ ಅವಳಿಗೆ ಅಂಜಿಕೊಂಡೇ ಬರೆಯುತ್ತಿದ್ದೆ.

ನಿಜ ಕೇಳಿದ್ದೀಯ. ಹದಿನಾಲ್ಕು ತಿಂಗಳು. ಚರ್ಚಿನ ನೆಲಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಪುಕ್ಕಟೆ ನೋಡುವ ಡಾಕ್ಟರು ಎದೆಯ ಮೇಲೆ ಕೊಳವೆ ಇಟ್ಟು, ತೆಗೆದು, ಮತ್ತೆ ಇಟ್ಟರು. ಆಗಲೇ ಗೊತ್ತಾಯಿತು. ಕವಾಟ ಸರಿಯಾಗಿ ತೆರೆಯುವುದಿಲ್ಲವಂತೆ. ಅವರು ಕಳಿಸಿದ ನಾಕ್ಸ್‌ವಿಲ್ ಆಸ್ಪತ್ರೆಯಲ್ಲಿ ಆಪರೇಷನ್ನಿನ ಖರ್ಚು ಕೇಳಿದರೆ ಈ ಮನೆ, ಹಿತ್ತಲು, ನನ್ನನ್ನೂ ಸೇರಿಸಿ ಮಾರಿದರೂ ಸಾಲದು. “ಅರವತ್ತೈದರ ತನಕ ತಳ್ಳಬಹುದಾ ಡಾಕ್ಟ್ರೇ?” ಎಂದೆ. “ನಿಧಾನಕ್ಕೆ ನಡೀರಿ, ಭಾರ ಎತ್ಬೇಡಿ,” ಎಂದರು, ಅಷ್ಟೇ. ಹದಿನಾಲ್ಕು ತಿಂಗಳಿಂದ ನಿಧಾನಕ್ಕೆ ನಡೆಯುತ್ತಿದ್ದೇನೆ.

ಶನಿವಾರ ಕಾರ್ಡ್ ಬಂತು. ತೆಳು ರಟ್ಟು, ಕೆಂಪು ನೀಲಿ ಪಟ್ಟಿ. ಜೂನ್ ಒಂದರಿಂದ ಜಾರಿ ಎಂದಿದೆ. ಟಪಾಲು ಪೆಟ್ಟಿಗೆಯ ಹತ್ತಿರವೇ ನಿಂತು ಅತ್ತೆ. ಟಪಾಲಿನವನಿಗೆ ಗಾಬರಿ, “ಕೆಟ್ಟ ಸುದ್ದಿನಾ ರೀವಮ್ಮ?” ಅಂದ. ತೋರಿಸಿದೆ. “ನಮ್ಮಮ್ಮನೂ ಹಿಂಗೇ ಅತ್ಲು,” ಅಂತ ಹೇಳಿ ಗಾಡಿ ಬಿಟ್ಟ.

ಜುಲೈ ಎಂಟಕ್ಕೆ ಆಪರೇಷನ್. ಆಸ್ಪತ್ರೆಯವರ ಇನ್ನೊಂದು ಫಾರ್ಮು ಬಂದಿದೆ. ಮನೆಗೆ ಹೋದ ಮೇಲೆ ಮೊದಲ ವಾರಗಳಲ್ಲಿ ಜತೆಗೆ ಯಾರಿರುತ್ತಾರೆ ಎಂದು ಕೇಳಿದ್ದಾರೆ. ಹಗಲು ಓಪಲ್ ಬಂದು ಹೋಗುತ್ತಾಳೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಇದನ್ನು ಸುಮ್ಮನೆ ಬರೆದೆ, ಬೇರೇನೂ ಅಲ್ಲ.

ರೀವಾ

•

(ಅಂಚೆ ಕಾರ್ಡು)
ಗ್ರ್ಯಾಂಡ್ ಐಲ್ಯಾಂಡ್, ನೆಬ್ರಸ್ಕ
೨೪ ಜೂನ್ ೨೦೨೪

ರೀವಾ,
ಆ ಜಾಗದಲ್ಲಿ ನನ್ನ ಹೆಸರು ಬರೆ. ಟ್ರಕ್ಕಿನಲ್ಲಿ ಬರುತ್ತಿದ್ದೇನೆ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಓಡಿಸಲಾಗದು, ಅದಕ್ಕೇ ಮೊದಲೇ ಹೊರಟೆ. ನಾಯಿಯೂ ಇದೆ. ಬೇಡವೆನ್ನಲು ನಿನಗೆ ವಿಳಾಸವಿಲ್ಲ.
ಆ.

•

ಹಿಕರಿ ಫೋರ್ಕ್
೧೧ ಅಕ್ಟೋಬರ್ ೨೦೨೪

ಆರ್ಲಿಸ್,

ನೀನು ಹೋಗಿ ಹನ್ನೆರಡು ದಿನ. ಮೂರು ತಿಂಗಳು ಒಂದೇ ಸೂರಿನಡಿ ಇದ್ದು, ಚರ್ಚಿನಿಂದ ನಾನು ಬರುವಷ್ಟರಲ್ಲಿ ಮೇಜಿನ ಮೇಲೆ ಚೀಟಿ ಇಟ್ಟು ಹೋದೆ. ‘ನೀನೀಗ ಗಟ್ಟಿಯಾಗಿದ್ದೀಯ. ನಾನಿದ್ದರೆ ನಿನಗೇ ತೊಂದರೆ.’ ಅಷ್ಟೇ. ಓದಿ ಮೊದಲು ಬಂದದ್ದು ಸಿಟ್ಟು. ಆ ಸಿಟ್ಟಿನಲ್ಲಿ ನಿನ್ನ ಕಾಫಿ ಬಟ್ಟಲನ್ನು ಎತ್ತಿ ಮೇಲಿನ ಕಪಾಟಿಗೆ ಇಟ್ಟೆ. ಮರುದಿನ ಕೆಳಗಿಳಿಸಿದೆ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ನೀನು ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದೆ. ನರ್ಸ್ ಕೇಳಿದಳು, “ಇವ್ರು ನಿಮಗೇನಾಗ್ಬೇಕಮ್ಮ?” ನನಗೆ ಗಂಟಲಲ್ಲಿ ಸ್ವರವಿರಲಿಲ್ಲ. ಇದ್ದಿದ್ದರೂ ಏನು ಹೇಳುತ್ತಿದ್ದೆನೋ ತಿಳಿಯದು. ಆಮೇಲೆ ಮನೆಯಲ್ಲಿ ನೀನು ಬೀನ್ಸ್ ಬೇಯಿಸಿ, ಮೆಕ್ಕೆಜೋಳದ ಬ್ರೆಡ್ಡು ಸುಟ್ಟು ಕರಕಲು ಮಾಡಿ, ತಳ ಕೆರೆದು ಮೇಲಿನದನ್ನು ನನಗೆ ಕೊಡುತ್ತಿದ್ದೆ. ಹೊಳೆಯ ತಿರುವಿನ ತನಕ, ಮರುವಾರ ಸೇತುವೆಯ ತನಕ, ನನ್ನ ಮೊಣಕೈ ಹಿಡಿದು ನಡೆಸಿದೆ. ಒಂದು ಮಾತೂ ಹಳೆಯದು ಎತ್ತಲಿಲ್ಲ. ಆಗ ಅದು ಒಳ್ಳೆಯದೆನಿಸಿತ್ತು. ಈಗ ನೋಡಿದರೆ ಎತ್ತಬೇಕಿತ್ತು. ನಾವಿಬ್ಬರೂ ಕಾಗದದಲ್ಲೇ ಧೈರ್ಯವಂತರು.

ಡೀಕನ್ ಜಗಲಿಯ ಕೆಳಗೆ ತೋಡಿಕೊಂಡಿದ್ದ ಗುಳಿ ಹಾಗೇ ಇದೆ. ಮುಚ್ಚಲು ಸಲಿಕೆ ತೆಗೆದುಕೊಂಡು ಹೋಗಿ ಸುಮ್ಮನೆ ವಾಪಸು ಬಂದೆ.

ನೀನೇಕೆ ಹೋದೆಯೆಂದು ನನಗೆ ನೀನಲ್ಲ, ಕ್ಷೌರದಂಗಡಿಯವನು ಹೇಳಿದ. ಅಲ್ಲಿ ಯಾರೋ ನಿನಗೆ ಅಂದರಂತೆ: “ವಿಚ್ಛೇದನ ಆದೋಳು ಅಂತ ತಾನೆ ಅವ್ಳಿಗೆ ಕಾರ್ಡ್ ಕೊಟ್ಟಿರೋದು? ನೀನು ಹೋಗಿ ಅದೇ ಮನೇಲಿ ಕೂತಿದ್ದೀಯ. ಗೊತ್ತಾದ್ರೆ ಕಿತ್ಕೋತಾರೆ.” ನೀನು ಅರ್ಧ ಕ್ಷೌರದಲ್ಲೇ ಎದ್ದು ಬಂದೆಯಂತೆ. ನನ್ನ ಹತ್ತಿರ ಬಂದು ಕೇಳಬಾರದಿತ್ತೇ? ಈ ವಿಮೆಯ ಕಾಗದ ಓದಿ ಓದಿ ನಾನೀಗ ಅರ್ಧ ವಕೀಲಳಾಗಿದ್ದೇನೆ.

ಓಪಲ್ ಬಳಿಗೆ ಹೋದೆ. ಆಕೆ ಕಚೇರಿಗೆ ಫೋನ್ ಹಚ್ಚಿ ನಲವತ್ತು ನಿಮಿಷ ಅವರ ಸಂಗೀತ ಕೇಳಿಸಿಕೊಂಡಳು. ಕೊನೆಗೆ ಯಾರೋ ಸಿಕ್ಕರು. “ಒಂದೇ ಮನೇಲಿ ಇದ್ರೆ ಕಾರ್ಡ್ ಹೋಗುತ್ತಾ?” ಇಲ್ಲ. ಅಡಿಗೆಮನೆಯಲ್ಲಿ ಯಾರು ಕೂರುತ್ತಾರೆಂದು ಮೆಡಿಕೇರ್ ಕೇಳುವುದಿಲ್ಲ. ಅಷ್ಟಕ್ಕೆ ಫೋನ್ ಇಡಬಾರದೇ ಆ ಮುದುಕಿ? ನನ್ನ ಕಡೆ ಕಣ್ಣು ಹೊಡೆದು ಕೇಳಿದಳು, “ಮತ್ತೆ ಈಕೆ ಅದೇ ಗಂಡನ್ನೇ ಇನ್ನೊಂದು ಸಲ ಕಟ್ಕೊಂಡ್ರೆ?” ಆಗಲೂ ಹೋಗುವುದಿಲ್ಲವಂತೆ. ಬೇರೆಯವನನ್ನಾದರೆ ಮತ್ತೆ ಕಚೇರಿಗೆ ಬಂದು ಕೇಳಬೇಕು. ಅವನನ್ನೇ ಆದರೆ ಮಾಜಿ ಹೆಂಡತಿಯ ಬದಲು ಹೆಂಡತಿ ಎಂದು ಬರೆದುಕೊಳ್ಳುತ್ತಾರೆ. ನಾನು ಮುಖ ಆಚೆ ತಿರುಗಿಸಿಕೊಂಡೆ.

ಇನ್ನು ನಿನ್ನ ವಿಷಯ. ನಿನ್ನ ಔಷಧಿಯ ಯೋಜನೆ ವಯೋಮಿಂಗ್‌ನದು, ಇಲ್ಲಿ ನಡೆಯದು. ಆದರೆ ಮನೆ ಬದಲಿಸಿದವರಿಗೆ ಬೇರೆ ಯೋಜನೆಗೆ ಸೇರಲು, ಬಂದ ಮೇಲೆ ಎರಡು ತಿಂಗಳ ಅವಕಾಶ ಕೊಡುತ್ತಾರೆ. ನಿನ್ನ ಎದೆಯ ಔಷಧಿಗಳೆಲ್ಲ ಇರುವಂಥ ಮೂರು ಯೋಜನೆಗಳನ್ನು ಹುಡುಕಿದ್ದೇನೆ. ಔಷಧಿಗಳ ಹೆಸರು ನನಗೆ ಹೇಗೆ ಗೊತ್ತೆಂದು ಕೇಳಬೇಡ. ಕೆಮ್ಮಲ್ಲ, ಬರೀ ಧೂಳು ಎನ್ನುತ್ತಿದ್ದೆಯಲ್ಲ, ಆ ಧೂಳಿಗೆ ನಾಲ್ಕು ಡಬ್ಬಿ ಮಾತ್ರೆ ಸ್ನಾನದ ಕೋಣೆಯಲ್ಲಿ ಸಾಲಾಗಿ ಇಟ್ಟಿದ್ದೆ. ಕಲ್ಲಿದ್ದಲಿನ ಧೂಳು ಅಪ್ಪನ ಎದೆಯಲ್ಲಿ ಹೇಗೆ ಸದ್ದು ಮಾಡುತ್ತಿತ್ತೆಂದು ಒಂಬತ್ತು ವರ್ಷ ಕೇಳಿದವಳು ನಾನು. ಗೋಡೆಯಾಚೆಯಿಂದಲೂ ಗುರುತಿಸುತ್ತೇನೆ.

ಆಗ ನಾನು ಕಾರಣ ಹೇಳಲಿಲ್ಲ. ಈಗ ಹೇಳುತ್ತೇನೆ. ನೀನು ಇಲ್ಲದೆ ಈ ಮನೆಯಲ್ಲಿ ನನಗೆ ಆಗುವುದಿಲ್ಲ. ಬಾ.

ರೀವಾ

•

ಜಿಲೆಟ್
೨೩ ಅಕ್ಟೋಬರ್ ೨೦೨೪

ರೀವಾ,

ನಿನ್ನ ಕಾಗದವನ್ನು ಟ್ರಕ್ಕಿನಲ್ಲೇ ಕೂತು ಓದಿದೆ. ಆಮೇಲೆ ಎಲ್ಲಿಗೆ ಹೊರಟಿದ್ದೆನೆಂದು ಮರೆತು ಮನೆಗೆ ವಾಪಸು ಬಂದೆ.

ಕೇಳದೆ ಹೋದದ್ದು ತಪ್ಪು. ಆದರೆ ನೀನು ಆ ಕಾರ್ಡಿಗಾಗಿ ಹದಿನಾಲ್ಕು ತಿಂಗಳು ಉಸಿರು ಬಿಗಿಹಿಡಿದು ಕಾದಿದ್ದನ್ನು ಓದಿದವನಿಗೆ ಬೇರೇನೂ ತೋಚಲಿಲ್ಲ. ನನ್ನಿಂದ ಸಿಕ್ಕಿದ್ದು ಅದೊಂದೇ, ಅದೂ ನನ್ನಿಂದಲೇ ಹೋಗಬಾರದೆಂದುಕೊಂಡೆ. ಮಿಸ್ಸೂರಿ ದಾಟುವ ತನಕ ಡೀಕನ್ ಹಿಂದಕ್ಕೆ ತಿರುಗಿಯೇ ಕೂತಿದ್ದ.

ಎದೆಯ ವಿಷಯ ಈಗ ಮುಚ್ಚಿಡುವುದಿಲ್ಲ. ನಿನ್ನ ಅಪ್ಪನಿಗಿದ್ದದ್ದೇ. ಅಷ್ಟು ಕೆಟ್ಟಿಲ್ಲ. ಎಷ್ಟು ವರ್ಷ ಎಂದು ಡಾಕ್ಟರನ್ನು ನಾನು ಕೇಳಿಲ್ಲ, ನೀನೂ ಕೇಳಬೇಡ. ಇನ್ನೊಬ್ಬ ಕೆಮ್ಮುವ ಗಂಡಸನ್ನು ನಿನ್ನ ಕೊರಳಿಗೆ ಕಟ್ಟಬಾರದೆಂದು ಆ ಮೂರು ತಿಂಗಳೂ ಬಾಯಿ ಬಿಡಲಿಲ್ಲ. ಗೊತ್ತಿದ್ದೂ ಬಾ ಎಂದಿದ್ದೀಯ. ಎರಡು ದಿನ ಅದನ್ನೇ ಯೋಚಿಸಿದೆ.

ಮನೆಯನ್ನು ಮಾರ್ವಾಳ ಮಗಳಿಗೆ ಬಿಟ್ಟುಕೊಡುತ್ತಿದ್ದೇನೆ. “ಹೋಗಪ್ಪ, ಅಮ್ಮ ಇದ್ದಿದ್ರೂ ಹೋಗು ಅಂತಿದ್ಲು,” ಎಂದಳು. ಮಾರ್ವಾ ಹಾಗೆ ಅನ್ನುತ್ತಿದ್ದಳೋ ಇಲ್ಲವೋ, ಮಗಳು ಅಂದದ್ದು ದೊಡ್ಡದು. ಹಿಮ ಗಟ್ಟಿಯಾಗುವ ಮುಂಚೆ, ನವೆಂಬರ್ ನಾಲ್ಕಕ್ಕೆ ಹೊರಡುತ್ತೇನೆ.

ನಿನ್ನೆ ವಿಳಾಸ ಬದಲಿಸಲು ವಿಮೆಯವರಿಗೆ ಫೋನ್ ಮಾಡಿದೆ. ಎಲ್ಲ ಬರೆದುಕೊಂಡ ಮೇಲೆ ಅಲ್ಲಿನ ಹುಡುಗಿ ಕೇಳಿದಳು: “ಊರು ಬಿಡೋದಕ್ಕೆ ಕಾರಣ ಏನು ಸರ್? ಕೆಲಸ, ಆರೋಗ್ಯ, ಕುಟುಂಬ, ಇತರೆ. ಇದ್ರಲ್ಲಿ ಒಂದು ಹೇಳಿ.”

ಆ ನಾಲ್ಕನ್ನೂ ನಿನ್ನ ಕಾಗದದ ಅಂಚಿನಲ್ಲಿ ಬರೆದು ಒಂದೊಂದನ್ನೇ ಹೊಡೆದುಹಾಕುತ್ತಾ ಹೋದೆ. “ಸರ್, ಇದ್ದೀರಾ?” ಎಂದಳು.

“ಇದ್ದೀನಮ್ಮ,” ಅಂದೆ. “ಕುಟುಂಬ ಅಂತ ಬರ್ಕೋ.”

ಆರ್ಲಿಸ್